ಅವರನ್ನು ಕೂರಿಸಿದ ದಿನ

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಲಿಂಗ ಕಟ್ಟಿಕೊಂಡವರು ನಾವು. ದಿನ ಬೆಳಗಾದರೆ ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಹೇಗೆ ಪೂಜೆಗೆ ಕೂರುತ್ತೇವೋ, ಮಣ್ಣಿನೊಳಗೂ ಹಾಗೆಯೇ ಕೂರಬೇಕು. ಸುಡುವುದಿಲ್ಲ, ಉದ್ದಕ್ಕೆ ಮಲಗಿಸಿ ಹೂಳುವುದೂ ಇಲ್ಲ. ಗದಗಿನ ಕಡೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಾವಿರುವ ತಮಿಳು ಸೀಮೆಯ ತಿರುವೊಟ್ಟಿಯೂರಿನಲ್ಲಿ ಮಾತ್ರ ಪ್ರತಿ ಸಲವೂ ಹೇಳಬೇಕು.

"ಎದುಕ್ಕಮ್ಮಾ ಉಕ್ಕಾರ ವೆಕ್ಕಿರೀಂಗ?" ಎಂದು ಪಕ್ಕದ ಮನೆಯಾಕೆ ಕೇಳುತ್ತಾಳೆ, ಯಾಕಮ್ಮಾ ಕೂರಿಸುತ್ತೀರಿ ಅಂತ. ನನಗೆ ಬರುವ ತಮಿಳಿನಲ್ಲೇ, ದೇವರ ಮುಂದೆ ಕಾಲು ಚಾಚಿ ಮಲಗುತ್ತೀಯೇನಮ್ಮಾ ನೀನು ಎಂದು ತಿರುಗಿ ಕೇಳುತ್ತೇನೆ. ಅವಳು ನಗುತ್ತಾಳೆ. ಒಳ್ಳೆಯ ಹೆಂಗಸು. ಈಗ ನಾನು ಒಬ್ಬಳೇ ಎಂದು, ಮೀನು ಕರಿಯುವ ದಿನ ವಾಸನೆ ನಮ್ಮ ಮನೆಗೆ ಬಾರದಿರಲೆಂದು ತನ್ನ ಅಡುಗೆಮನೆಯ ಕಿಟಕಿ ಮುಚ್ಚಿಕೊಳ್ಳುತ್ತಾಳೆ. ಹೀಗೆ ಮಾಡು ಎಂದು ನಾನು ಕೇಳಿಲ್ಲ. ಇಂಥದ್ದನ್ನು ಶಿವನ ದಯೆ ಎಂದೇ ನಾನು ಅಂದುಕೊಳ್ಳುವುದು.

ಈ ಊರಿನಲ್ಲಿ ನಮ್ಮವರು ಯಾರು ತೀರಿಕೊಂಡರೂ ಕೂರಿಸುವ ಕೆಲಸ ನಮ್ಮ ಯಜಮಾನರದಾಗಿತ್ತು. ಇಪ್ಪತ್ತನೆಯ ವಯಸ್ಸಿನ ಒಳಗೇ ಸೈನ್ಯಕ್ಕೆ ಸೇರಿದವರು. ಕಂದಕ ತೋಡುವ, ಸೇತುವೆ ಕಟ್ಟುವ ಪಡೆಯಲ್ಲಿದ್ದವರು. ಹಿಮದಲ್ಲೂ ಇದ್ದರು, ಮರಳುಗಾಡಿನಲ್ಲೂ ಇದ್ದರು. ಅಲ್ಲಿಂದ ಬಿಡುಗಡೆಯಾಗಿ ಬಂದ ಮೇಲೆ ಇಲ್ಲಿನ ಒಂದು ಕಾರ್ಖಾನೆಯಲ್ಲಿ ಕಾವಲುಗಾರರ ಮೇಲ್ವಿಚಾರಕರಾದರು. ಅಲ್ಲಿಯವರೆಗೆ ಅತ್ತೆಯ ಜೊತೆ ಗದಗಿನಲ್ಲಿದ್ದ ನಾನು ಪುಟ್ಟ ಮಗಳನ್ನು ಕಟ್ಟಿಕೊಂಡು ಬಂದೆ. ಬೀದಿಯ ಜನ ಅವರನ್ನು 'ಮಿಲಿಟರಿ' ಎಂದೇ ಕರೆದರು. ನನಗೂ ಬೇರೆ ಹೆಸರು ಬರಲಿಲ್ಲ, 'ಮಿಲಿಟರಿ ವೀಟ್ಟಮ್ಮಾ', ಮಿಲಿಟರಿಯವರ ಮನೆಯಾಕೆ, ಆದೆ.

ಜೀವ ಹೋದ ಮೇಲೆ ಮೈ ಸೆಟೆದುಕೊಳ್ಳುತ್ತದೆ. ಅದಕ್ಕೆ ಮುಂಚೆ ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ, ಗೋಡೆಗೆ ಒರಗಿಸಿ ಕೂರಿಸಬೇಕು. ತಡವಾದರೆ ಬಿಸಿನೀರಿನ ಬಟ್ಟೆ ಹಾಕಿ ಸಂದು ಸಂದು ತೀಡಿ ಬಿಡಿಸಬೇಕಾಗುತ್ತದೆ. ಅದು ನೋಡುವಂಥದ್ದಲ್ಲ. ಈ ಊರಿನಲ್ಲಿ ಯಾರಾದರೂ ಹೋದರೆ ಮೊದಲು ಬರುವುದು ಬಾಡಿಗೆಯ ಐಸ್ ಪೆಟ್ಟಿಗೆ. ಅದರಲ್ಲಿ ಉದ್ದಕ್ಕೆ ಮಲಗಿಸಿ ಮುಚ್ಚಿಟ್ಟರೆ ಮುಗಿಯಿತು, ಮರುದಿನ ಯಾರಿಂದಲೂ ಕೂರಿಸುವುದಕ್ಕಾಗುವುದಿಲ್ಲ. ಅದಕ್ಕೇ ಇವರಿಗೆ ಅವಸರ. ಫೋನು ಬಂತೆಂದರೆ ತುತ್ತು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದರು. "ಪೆಟಗಿ ಬರೂಕಿಂತ ಮೊದಲ ನಾ ಹೋಗಬೇಕು" ಎನ್ನುತ್ತಾ ಬಿಳಿ ಬಟ್ಟೆಯ ಪಟ್ಟಿಗಳು, ವಿಭೂತಿ ಗಟ್ಟಿ ಎಲ್ಲವನ್ನೂ ಚೀಲಕ್ಕೆ ತುಂಬಿ ಹೊರಟೇಬಿಡುತ್ತಿದ್ದರು. ಕೋಡಂಬಾಕ್ಕಂ ಆಗಲಿ, ಊರಿನ ಆ ಕೊನೆಯಾಗಲಿ, ಬಸ್ಸು ಸಿಕ್ಕಿದರೆ ಬಸ್ಸು, ಇಲ್ಲದಿದ್ದರೆ ಆಟೋ.

ಅಲ್ಲಿಗೆ ಹೋಗಿ ಅವರು ಮೊದಲು ಮಾಡುತ್ತಿದ್ದ ಕೆಲಸ ಎಲ್ಲರನ್ನೂ ಹೊರಗೆ ಕಳಿಸಿ ಕೋಣೆಯ ಬಾಗಿಲು ಹಾಕುವುದು. ಒಳಗೆ ಏನು ನಡೆಯುತ್ತದೆ ಎಂದು ಮನೆಯವರು ನೋಡಬಾರದು ಎಂಬುದು ಅವರ ಹಟ. "ಅಪ್ಪನ ಮೊಣಕಾಲು ಮಡಚೂದನ್ನ ಮಗ ಯಾಕ ನೋಡಬೇಕು? ಕೂತಿದ್ದನ್ನ ನೋಡಿದರ ಸಾಕು." ಬಾಗಿಲು ತೆರೆದಾಗ ಒಳಗೆ ಹಿರಿಯರು ಹಣೆಗೆ ವಿಭೂತಿ ಧರಿಸಿ, ಹೂವಿನ ನಡುವೆ ಪೂಜೆಗೆ ಕೂತ ಹಾಗೆ ಕೂತಿರುತ್ತಿದ್ದರು. ಅಳುತ್ತಿದ್ದವರು ಕಣ್ಣೊರೆಸಿಕೊಂಡು ಕೈಮುಗಿಯುತ್ತಿದ್ದರು. ನಾನೇ ಕಂಡಿದ್ದೇನೆ.

ತೀರಿಕೊಂಡವರು ಹೆಂಗಸಾದರೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಆಗ ನಾನು ಒಳಗೆ, ಅವರು ಬಾಗಿಲ ಹೊರಗೆ. ಅಲ್ಲಿಂದಲೇ ಹುಕುಂ.

"ಬಿಸಿನೀರಿನ ಬಟ್ಟಿ ಹಾಕಿದಿ?"

"ಹಾಕೀನ್ರಿ."

"ತೊಡಿ ಮ್ಯಾಲ, ಸೊಂಟದ ಮ್ಯಾಲ. ಅವಸರ ಮಾಡಬ್ಯಾಡ. ಮೊಣಕಾಲು ಆತೇನು?"

"ಎಡಗಾಲು ಆತ್ರಿ."

"ಬಲಗಾಲು ರಜಾದ ಮ್ಯಾಲ ಐತೇನು?"

ಸಾವಿನ ಮನೆಯಲ್ಲಿ ನಗು ಬರಬಾರದು. ಆದರೂ ಎಷ್ಟೋ ಸಲ ನಾನು ಸೆರಗು ಬಾಯಿಗೆ ಇಟ್ಟುಕೊಂಡಿದ್ದೇನೆ. ಒಬ್ಬ ಅಜ್ಜಿಯನ್ನು ಕೂರಿಸುವಾಗ ನನಗೆ ಅಳು ಬಂತು. ಅಜ್ಜಿ ಥೇಟು ನಮ್ಮ ಅತ್ತೆಯ ಹಾಗಿದ್ದರು. ಬಾಗಿಲ ಆಚೆ ಅವರಿಗೆ ಹೇಗೆ ಗೊತ್ತಾಯಿತೋ, ಹುಕುಂ ನಿಲ್ಲಿಸಿ ಮೆಲ್ಲಗೆ ಓಂ ನಮಃ ಶಿವಾಯ ಹೇಳತೊಡಗಿದರು. ನಾನು ಕಣ್ಣೊರೆಸಿಕೊಂಡು ಮುಂದುವರಿಸಿದೆ. ಈ ಕೆಲಸವನ್ನು ನಾನು ಕಲಿತದ್ದು ಕಣ್ಣಿನಿಂದಲ್ಲ, ಅವರ ದನಿಯಿಂದ.

ದೇವರ ವಿಷಯದಲ್ಲಿ ಅವರು ಮಾತು ಆಡಿದವರಲ್ಲ, ಮಾಡಿದವರು. ಹಿಮದ ಗಡಿಯಲ್ಲಿದ್ದಾಗ ಹೂಜಿಯ ನೀರು ಗಟ್ಟಿಯಾಗಿ ಹೋಗಿತ್ತಂತೆ. ಹಿಮದ ಒಂದು ಚೂರನ್ನು ಅಂಗೈಯಲ್ಲಿ ಕರಗಿಸಿ ಲಿಂಗಕ್ಕೆ ಎರೆದರಂತೆ. "ಕೈ ಸುಟ್ಟಂಗ ಆತು" ಎಂದಷ್ಟೇ ಹೇಳಿದ್ದರು. ತಿರುವೊಟ್ಟಿಯೂರಿನ ಮನೆಯಲ್ಲಿ ನಾವಿಬ್ಬರೂ ಒಳಕೋಣೆಯಲ್ಲಿ ಪಕ್ಕಪಕ್ಕ ಪೂಜೆಗೆ ಕೂರುತ್ತಿದ್ದೆವು. ಅವರ ಅಂಗೈಯಲ್ಲಿ ಅವರ ದೇವರು, ನನ್ನ ಅಂಗೈಯಲ್ಲಿ ನನ್ನ ದೇವರು, ನೀರು ಮಾತ್ರ ಒಂದೇ ತಂಬಿಗೆಯದು. ಪೂಜೆಯಾಗದೆ ಬಾಯಿಗೆ ನೀರೂ ಇಲ್ಲ. ಕಾರ್ಖಾನೆಯ ಬೆಳಗಿನ ಪಾಳಿಯಿದ್ದರೆ ಬೀದಿಯಲ್ಲಿ ಇನ್ನೂ ಯಾರೂ ಏಳದ ಹೊತ್ತಿಗೆ ನಮ್ಮ ಮನೆಯ ಊದುಬತ್ತಿ ಹತ್ತಿರುತ್ತಿತ್ತು.

ಭಾನುವಾರ ಅವರು ನನ್ನ ಕೈಗೆ ಸಿಕ್ಕವರೇ ಅಲ್ಲ. ಸೈನಿಕರ ವಿಧವೆಯರನ್ನು ಪಿಂಚಣಿ ಕಚೇರಿಗೆ ಕರೆದುಕೊಂಡು ಹೋಗುವ ಕೆಲಸಕ್ಕೆ ವಾರದ ದಿನಗಳೇ ಆಗಬೇಕಿತ್ತು. ಭಾನುವಾರವೆಲ್ಲ ಆ ಹೆಂಗಸರೇ ಅರ್ಜಿ ಬರೆಸಿಕೊಳ್ಳಲು ನಮ್ಮ ಮನೆಗೆ ಬರುತ್ತಿದ್ದರು. ಈಶ್ವರನ ಗುಡಿಯಲ್ಲಿ ವಿಶೇಷ ದಿನಗಳಂದು ಸರತಿ ಸಾಲು ನಿಲ್ಲಿಸುವುದೂ ಇವರೇ. ಅಲ್ಲಿ ಇವರ ಬಾಯಿಂದ ತಮಿಳೂ ಬರುತ್ತಿರಲಿಲ್ಲ, ಕನ್ನಡವೂ ಬರುತ್ತಿರಲಿಲ್ಲ, ಸೈನ್ಯದ ಹಿಂದಿ ಬರುತ್ತಿತ್ತು. ಮೀನುಗಾರರ ಹೆಂಗಸರು "ಮಿಲಿಟರಿ ತಾತಾ ಬೈತಾರೆ, ಸಾಲಲ್ಲಿ ನಿಲ್ಲಿ" ಎಂದು ತಮ್ಮ ಭಾಷೆಯಲ್ಲಿ ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ಮಳೆ ನೀರು ಬೀದಿಗೆ ನುಗ್ಗಿದ ವರ್ಷ ಸೊಂಟದ ಮಟ್ಟದ ನೀರಿನಲ್ಲಿ ಹಾಲು, ಬ್ರೆಡ್ಡು ಹೊತ್ತು ತಿರುಗಿದರು. ಊರಿಗೆಲ್ಲ ಆದರು. ನನಗೆ ಆಗಲಿಲ್ಲ ಎಂದು ಆಗ ಜಗಳ ಮಾಡಿದ್ದೇನೆ. ಈಗ ಜಗಳವಾಡುವುದಕ್ಕಾದರೂ ಇರಬಾರದಿತ್ತೇ ಎನಿಸುತ್ತದೆ.

ಮಗಳು ಇಲ್ಲೇ ಓದಿದವಳು. ನಾವು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವುದು ಅವಳ ಅಭ್ಯಾಸ. ಮದುವೆಯಾದದ್ದೂ ತಮಿಳು ಹುಡುಗನನ್ನು. ಕೋಡಂಬಾಕ್ಕಂನಲ್ಲಿ ಮನೆ. ಅಳಿಯ ಒಳ್ಳೆಯವನು, ಹಡಗಿನ ಕೆಲಸ, ವರ್ಷದ ಬಹುಪಾಲು ನೀರಿನ ಮೇಲೆ. ಮದುವೆಯಾದ ಮೇಲೆ ಮಗಳು ಲಿಂಗವನ್ನು ಕೊರಳಿನಿಂದ ತೆಗೆದು ದೇವರ ಪೆಟ್ಟಿಗೆಯಲ್ಲಿಟ್ಟಳು. ನಾನು ಎರಡು ದಿನ ಮಾತು ಬಿಟ್ಟೆ. ಇವರು ಮಾತ್ರ, "ದೇವರು ಪೆಟಗಿಯೊಳಗೂ ಇರ್ತಾನ, ನೀ ಊಟ ಮಾಡು" ಎಂದರು.

ಕೊನೆಗೆ ಅವರಿಗೆ ಬಂದದ್ದು ಎದೆಯ ಕಾಯಿಲೆ. ಪುಪ್ಪುಸದಲ್ಲಿ ನೀರು. ಕೀಲ್ಪಾಕ್‌ನ ಒಂದು ಆಸ್ಪತ್ರೆಯಲ್ಲಿ ಸೇರಿಸಿದೆವು. ಅಲ್ಲಿಯೂ ಹಾಸಿಗೆಯ ಮೇಲೆ ದಿಂಬಿಗೆ ಒರಗಿ ಲಿಂಗಪೂಜೆ ಬಿಡಲಿಲ್ಲ. ನರ್ಸಮ್ಮ ಮೊದಲ ದಿನ, "ತಾತಾ, ಇದು ಏನು ಕಲ್ಲು?" ಎಂದು ಕೇಳಿದವಳು ಮೂರನೆಯ ದಿನ ಸೂಜಿ ಹಿಡಿದುಕೊಂಡು ಪೂಜೆ ಮುಗಿಯುವವರೆಗೆ ಕಾಯ್ದು ನಿಂತಳು. ನಾನು ದಿನವೂ ಬೆಳಿಗ್ಗೆ ಮನೆಗೆ ಬಂದು ಸ್ನಾನ, ಪೂಜೆ ಮುಗಿಸಿ, ಗಂಜಿ ಕಾಯಿಸಿಕೊಂಡು ಹೋಗುತ್ತಿದ್ದೆ. ಆವತ್ತು ನನಗೆ ಎದ್ದು ಬರುವ ಮನಸ್ಸಿರಲಿಲ್ಲ. ಅವರ ಉಸಿರು ಗಿಡ್ಡವಾಗಿತ್ತು.

"ಹೋಗು, ಪೂಜಿ ಮಾಡ್ಕೊಂಡು ಬಾ. ಬಾಯಾಗ ನೀರು ಹಾಕಿಲ್ಲ ನೀ ಇನ್ನಾ."

"ಒಂದಿನ ತಡ ಆದರ ಏನಾಗ್ತೈತ್ರಿ?"

"ನಾ ಎಲ್ಲಿ ಓಡಿ ಹೊಕ್ಕೀನಿ? ಮಗಳು ಅದಾಳ. ಹೋಗು."

ಮನೆಗೆ ಬಂದು ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಗೆ ಸೇರಿಸಿ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದಾಗ ಫೋನು ಬಂತು. ಮಗಳು "ಅಮ್ಮಾ, ಅಪ್ಪಾ..." ಎಂದಳು. ಆಮೇಲೆ ಅವಳ ಅಳುವಷ್ಟೇ ಕೇಳಿಸಿತು.

ನನ್ನ ಬಾಯಿಂದ ಮೊದಲು ಬಂದ ಮಾತು, "ಮಲಗಸಬ್ಯಾಡ್ರಿ ಅವರನ್ನ. ಕೂಡಸ್ರಿ." ಅಳು ಬರಲಿಲ್ಲ ಆಗ. ಎಷ್ಟೋ ಮನೆಗಳಿಗೆ ಹೊರಡುವಾಗ ಅವರು ಫೋನಿನಲ್ಲಿ ಹೇಳುತ್ತಿದ್ದ ಮಾತು ಅದು. ನನ್ನ ನಾಲಿಗೆಯಲ್ಲಿ ತಾನೇ ಎದ್ದು ಬಂತು.

"ಎನ್ನಮ್ಮಾ ಸೊಲ್ರೆ ನೀ?" ಏನಮ್ಮಾ ಹೇಳುತ್ತಿದ್ದೀಯ ಎಂದು ಅವಳು ಅಳುವಿನಲ್ಲೇ ರೇಗಿದಳು. ತಪ್ಪೇನು ಅವಳದು? ಅಲ್ಲಿ ಆಗಲೇ ಕೈಕಾಲು ನೀಳ ಮಾಡಿ, ಕಾಲಿನ ಹೆಬ್ಬೆರಳು ಎರಡೂ ಸೇರಿಸಿ ಕಟ್ಟಿ, ಬಿಳಿ ಬಟ್ಟೆ ಹೊದಿಸಿ ಆಗಿತ್ತು. ಎಲ್ಲರಿಗೂ ಮಾಡುವ ಹಾಗೆ, ಮರ್ಯಾದೆಯಿಂದಲೇ ಮಾಡಿದ್ದರು.

ಕೀಲ್ಪಾಕ್‌ನಿಂದ ತಿರುವೊಟ್ಟಿಯೂರಿಗೆ ಆಂಬುಲೆನ್ಸು ಬರುವ ದಾರಿಯಲ್ಲಿ ಬಂದರಿನ ಕಂಟೇನರ್ ಲಾರಿಗಳ ಸಾಲು. ದಿನವೂ ಇರುವುದೇ. ಆವತ್ತು ಅದರ ನಡುವೆ ಸಿಕ್ಕಿಕೊಂಡ ಗಾಡಿ ಅತ್ತ ಬಾರದು, ಇತ್ತ ಹೋಗದು. ಮಗಳು ಫೋನು ಮಾಡಿ, ಇನ್ನೂ ಲಾರಿಗಳ ನಡುವೆಯೇ ಇದ್ದೇವೆ ಎಂದಾಗಲೆಲ್ಲ ನನಗೆ ಕಾಣುತ್ತಿದ್ದದ್ದು ಅವರ ಮೊಣಕಾಲುಗಳು. ಗಂಡ ಹೋದ ಹೆಂಗಸು ಮೊಣಕಾಲಿನ ಯೋಚನೆ ಮಾಡುತ್ತಾಳೆಯೇ ಎಂದು ಯಾರಾದರೂ ಅಂದುಕೊಂಡಾರು. ನಾನು ಮಾಡಿದೆ. ಅಷ್ಟು ಜನರನ್ನು ಕೂರಿಸಿದವರು ತಾವು ಕೂರದೆ ಹೋದರೆ ಎಂಬುದೊಂದೇ ನನ್ನ ಭಯವಾಗಿತ್ತು.

ಅಷ್ಟರಲ್ಲಿ ಮನೆಯ ಮುಂದೆ ಶಾಮಿಯಾನ ಎದ್ದಿತು. ಒಳಗೆ ನಡುಮನೆಯಲ್ಲಿ ಐಸ್ ಪೆಟ್ಟಿಗೆ ಬಂದು ಕೂತಿತು. ತರಿಸಿದವರು ನಮ್ಮ ಬೀದಿಯಲ್ಲೇ ಇರುವ ಇವರ ಹಳೆಯ ಜೊತೆಗಾರ, ಅವರೂ ಸೈನ್ಯದಿಂದ ನಿವೃತ್ತರಾದವರು, ತಮಿಳರು, ಕ್ರೈಸ್ತರು. ಬೆಳಗಾವಿಯಲ್ಲಿ ಕೆಲಕಾಲ ಇದ್ದುದರಿಂದ ಮುರುಕು ಕನ್ನಡ ಬರುತ್ತಿತ್ತು.

"ಮೇಡಂ, ಟೆನ್ಷನ್ ಬೇಡ. ಬಾಕ್ಸ್ ರೆಡಿ, ಕರೆಂಟ್ ಕೊಟ್ಟಾಯ್ತು. ನಾಳೆ ನಮ್ಮ ಎಕ್ಸ್-ಸರ್ವೀಸ್ ಎಲ್ಲಾ ಬರ್ತಾರೆ, ಹೂವಿನ ರಿಂಗು ಇಡ್ತಾರೆ. ಫುಲ್ ಗೌರವ."

"ಅಣ್ಣಾ, ಅವರು ಇದರಾಗ ಮಲಗೂದಿಲ್ಲ."

"ಹಾಗೆ ಹೇಳಿದ್ರೆ ಹೇಗೆ ಮೇಡಂ? ಬಿಸಿಲು ನೋಡಿ."

"ಮಲಗೂದಿಲ್ಲ ಅಂದ್ನಲ್ಲಾ."

ನಮ್ಮ ಜನ ಒಬ್ಬೊಬ್ಬರಾಗಿ ಬಂದರು. ಬಟ್ಟೆ ವ್ಯಾಪಾರಿ ಒಬ್ಬರು, ದಾವಣಗೆರೆ ಕಡೆಯವರು, ಎಲ್ಲರಿಗಿಂತ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ತಂದೆಯನ್ನು ಇವರೇ ಕೂರಿಸಿದ್ದರು. ನಾನು ಅವರನ್ನೇ ಕೇಳಿದೆ.

"ಅಣ್ಣಾರ, ಆಂಬುಲೆನ್ಸು ಬಂತಂದ್ರ ಕೂಡಸೂದು ಯಾರು?"

ಅವರು ಸುತ್ತ ನೋಡಿದರು. ಉಳಿದವರೂ ಅವರನ್ನೇ ನೋಡಿದರು.

"ನಮ್ಮಪ್ಪಾಜಿದು ಆದಾಗ ನಾನು ಹೊರಗಿದ್ದೆ ಅಕ್ಕಾ. ಶಾಮಿಯಾನದೋರ ಹತ್ರ ಮಾತಾಡ್ತಿದ್ದೆ. ಬಾಗಿಲು ತೆಗೆದಾಗ ಕೂತಿದ್ರು."

"ನೀವ್ರಿ?" ಎಂದು ಇನ್ನೊಬ್ಬರನ್ನು ಕೇಳಿದೆ.

"ನಾನೂ ಹೊರಗs ಇದ್ನಿರಿ. ಅವರು ಒಳಗ ಯಾರನ್ನ ಬಿಡ್ತಿದ್ದರು ಹೇಳ್ರಿ? ಊರಿಗೆ ಫೋನ್ ಮಾಡೂನು, ಯಾರರ ಬರ್ತಾರ."

"ಊರಿಂದ ಬರೂತನಾ ಕಾಯಬೇಕಂದ್ರ ಆ ಪೆಟಗೀನs ಗತಿ."

ನಮ್ಮ ಯಜಮಾನರು ಮನೆಮನೆಯಲ್ಲಿ ಬಾಗಿಲು ಹಾಕಿಕೊಂಡು ಎಲ್ಲರ ಕಣ್ಣನ್ನೂ ಕಾಪಾಡಿದ್ದರು. ಅದರ ಫಲ ಈಗ ನನ್ನ ಮುಂದೆ ಕೈಮುಗಿದು ನಿಂತಿತ್ತು. ಅಷ್ಟು ಗಂಡಸರಲ್ಲಿ ಒಬ್ಬರಿಗೂ ಮೊಣಕಾಲಿಗೆ ಕೈ ಎಲ್ಲಿ ಇಡಬೇಕೆಂದು ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನೊಬ್ಬಳು.

ಆಂಬುಲೆನ್ಸು ಬಂತು. ಒಳಕೋಣೆಗೆ ತರಲು ಹೇಳಿದೆ. ಚಾಪೆಯ ಮೇಲಿಟ್ಟರು. ಮುಟ್ಟಿ ನೋಡಿದೆ. ಕತ್ತು ಗಟ್ಟಿಯಾಗಿತ್ತು, ತೋಳೂ ಗಟ್ಟಿ. ಕಾಲುಗಳು ಇನ್ನೂ ಪೂರ್ತಿ ಆಗಿರಲಿಲ್ಲ. ಶಿವನೇ, ಅಷ್ಟಾದರೂ ಉಳಿಸಿದೆಯಲ್ಲ ಎಂದುಕೊಂಡೆ.

"ಬಿಸಿನೀರು ಇಡ್ರಿ" ಎಂದು ಸೆರಗು ಸಿಕ್ಕಿಸಿಕೊಂಡೆ.

ಬಟ್ಟೆ ವ್ಯಾಪಾರಿ ಗಾಬರಿಯಾದರು. "ನೀವು ಹೆಂಗೆ ಮಾಡ್ತೀರ ಅಕ್ಕಾ? ನೀವು ಪಕ್ಕದಲ್ಲಿ ಕೂರಬೇಕಾದೋರು."

"ಕೂಡ್ತೀನ್ರಿ. ಮೊದಲ ಅವರು ಕೂಡ್ಲಿ."

ನನ್ನೊಬ್ಬಳಿಂದ ಎತ್ತಲಾಗುವುದಿಲ್ಲ. ಬೆನ್ನಿನ ಹಿಂದಿನಿಂದ ಕಂಕುಳಿಗೆ ಕೈಕೊಟ್ಟು ಹಿಡಿಯಲು ಒಬ್ಬ ಗಂಡಸು ಬೇಕು. ನಾನು ಹಳೆಯ ಜೊತೆಗಾರರನ್ನು ನೋಡಿದೆ. ಅವರು ಪೆಟ್ಟಿಗೆಯ ಪಕ್ಕ ನಿಂತಿದ್ದರು. ಬಾಗಿ, ಗೋಡೆಯಿಂದ ಅದರ ಕರೆಂಟು ಕಿತ್ತರು, ಚಪ್ಪಲಿ ಬಿಟ್ಟರು, ಒಳಗೆ ಬಂದರು. ಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳನ್ನು ನಾನು ಕರೆಯಲಿಲ್ಲ. ಅವಳಪ್ಪ ಇದ್ದಿದ್ದರೆ ಹೊರಗೆ ಕಳಿಸುತ್ತಿದ್ದರು.

"ನಾನುಂ ವರೇನ್ ಮಾ," ನಾನೂ ಬರುತ್ತೇನೆ ಎಂದು ಅವಳೇ ಒಳಗೆ ಬಂದು ಬಾಗಿಲು ಹಾಕಿದಳು.

ಬಿಸಿ ಬಟ್ಟೆ ಹಾಕಿದೆ. ತೊಡೆಗೆ, ಸೊಂಟಕ್ಕೆ, ಮೊಣಕಾಲಿನ ಹಿಂಬದಿಗೆ. ಹಾಕಿ ತೀಡುವಾಗ ನನ್ನ ಕಿವಿ ತಾನಾಗಿ ಬಾಗಿಲ ಕಡೆಗೇ ಇತ್ತು. ಆ ಕಡೆಯಿಂದ ಹುಕುಂ ಬರಬೇಕು, ಆಮೇಲೆ ನನ್ನ ಕೈ ಮುಂದೆ ಹೋಗಬೇಕು. ಇಷ್ಟು ವರ್ಷ ಹಾಗೇ ತಾನೇ? ಹೊರಗೆ ಜನರ ಗುಸುಗುಸು, ದೂರದಲ್ಲಿ ಲಾರಿಯ ಹಾರನ್ನು, ಅಷ್ಟೇ. ನನ್ನ ಕೈ ನಿಂತುಹೋಯಿತು. ಮುಂದೇನು ಎಂದು ಗೊತ್ತಿದ್ದೂ ಗೊತ್ತಾಗಲಿಲ್ಲ. ಜೀವನದಲ್ಲಿ ನಾನು ಒಬ್ಬಳೇ ಆದದ್ದು ಆ ಗಳಿಗೆಯಲ್ಲಿ. ಫೋನು ಬಂದಾಗಲ್ಲ, ಆಂಬುಲೆನ್ಸಿನ ಬಾಗಿಲು ತೆರೆದಾಗಲೂ ಅಲ್ಲ.

ಆಮೇಲೆ ನಾನೇ ಕೇಳಿಕೊಂಡೆ, ಗಟ್ಟಿಯಾಗಿ. "ಬಿಸಿನೀರಿನ ಬಟ್ಟಿ ಹಾಕಿದಿ? ಹಾಕೀನಿ. ಸೊಂಟ ಸಡಲ ಆತೇನು? ಆತು. ಮೊಣಕಾಲು?"

ಮಗಳು ನನ್ನ ಮುಖ ನೋಡಿದಳು. ನನಗೆ ಬುದ್ಧಿ ಕೆಟ್ಟಿತು ಎಂದುಕೊಂಡಿರಬೇಕು. ಆಮೇಲೆ ಎದುರಿಗೆ ಬಂದು ಕೂತು ಎಡಗಾಲಿನ ಮೇಲೆ ಕೈಯಿಟ್ಟು, "ಇಲ್ಲಿ ಹಿಡೀಲೇನಮ್ಮಾ?" ಎಂದಳು. ಕನ್ನಡದಲ್ಲಿ. ಅವಳು ಕನ್ನಡದಲ್ಲಿ ನನಗೆ ಏನಾದರೂ ಹೇಳಿ ಎಷ್ಟು ಕಾಲವಾಗಿತ್ತೋ.

"ಹಿಂಬದಿಗಿ ಹಿಡಿ. ಒತ್ತಬ್ಯಾಡ, ಕಾಯಿ. ಅದs ಬರ್ತೈತಿ."

ಎಡಗಾಲು ಬಂತು. ಲಟಕ್ಕೆಂದು ಸಣ್ಣ ಸದ್ದಾದಾಗ ಮಗಳು ಕಣ್ಣು ಮುಚ್ಚಿದಳು, ಕೈ ಮಾತ್ರ ಬಿಡಲಿಲ್ಲ. ಹಿಂದೆ ಹಳೆಯ ಜೊತೆಗಾರರು ಇವರ ಬೆನ್ನನ್ನು ತಮ್ಮ ಎದೆಗೆ ಆನಿಸಿಕೊಂಡು ಕೂತಿದ್ದರು. ತಮ್ಮ ದೇವರ ಹೆಸರನ್ನು ತಮ್ಮ ಭಾಷೆಯಲ್ಲಿ ಹೇಳಿಕೊಳ್ಳುತ್ತಿದ್ದರು. ನಡುವೆ, "ಹವಿಲ್ದಾರ್ ಸಾಬ್, ಸ್ವಲ್ಪ ಕೋಆಪರೇಟ್ ಮಾಡಿ" ಎಂದರು. ಮೂವರೂ ಬೆಚ್ಚಿದೆವು. ಆಮೇಲೆ ಮಗಳಿಗೆ ನಗು ಬಂತು, ನನಗೂ ಬಂತು, ಅದರ ಹಿಂದೆಯೇ ಅಳು.

ಬಲಗಾಲು ಬರಲಿಲ್ಲ. ಸೇತುವೆಯ ಕೆಲಸದಲ್ಲಿ ಪೆಟ್ಟಾದ ಮೊಣಕಾಲು ಅದು. ಬದುಕಿದ್ದಾಗಲೂ ಪೂರ್ತಿ ಮಡಚುತ್ತಿರಲಿಲ್ಲ. ಪೂಜೆಗೆ ಕೂತಾಗಲೂ ಅದೊಂದು ಅರ್ಧ ಎದ್ದೇ ಇರುತ್ತಿತ್ತು. ಬಟ್ಟೆ ಬದಲಾಯಿಸಿ ಬದಲಾಯಿಸಿ ತೀಡಿದೆವು. ಅರ್ಧಕ್ಕೆ ಬಂದು ನಿಂತುಬಿಟ್ಟಿತು. ನಾನು ಬಿಟ್ಟೆ. ಗೋಡೆಗೆ ಒರಗಿಸಿ, ಎದೆಗೆ ಪಟ್ಟಿ ಕಟ್ಟಿ, ಹಣೆಯ ಮೇಲಿನಿಂದ ಒಂದು ಪಟ್ಟಿ ತಂದು ಕಿಟಕಿಯ ಸರಳಿಗೆ ಬಿಗಿದೆ. ಕತ್ತು ನಿಂತಿತು. ಮೈ ಒರೆಸಿ, ವಿಭೂತಿ ಹಚ್ಚಿ, ಕೊರಳಿನ ಕರಡಿಗೆಯನ್ನು ಎದೆಯ ನಡುವಿಗೆ ಸರಿಪಡಿಸಿದೆ.

ಬಾಗಿಲು ತೆರೆದಾಗ ನಮ್ಮ ಅಯ್ಯನವರೂ ಬಂದಿದ್ದರು. ಊರಿನಲ್ಲಿ ಒಂದು ಪುಸ್ತಕದ ಅಂಗಡಿ ಇಟ್ಟುಕೊಂಡು ನಮ್ಮವರ ಮನೆಗಳಲ್ಲಿ ಕ್ರಿಯೆಗಳನ್ನು ಮಾಡಿಸುವವರು. ಬಟ್ಟೆ ವ್ಯಾಪಾರಿ ಮೆಲ್ಲಗೆ, "ಅಯ್ನೋರೆ, ಬಲಗಾಲು ಸ್ವಲ್ಪ ಮೇಲಿದೆ. ಅದನ್ನೂ ಒಂದು ಸಲ ನೋಡಬಹುದಿತ್ತಲ್ವಾ?" ಎಂದರು.

ಅಯ್ಯನವರು ಬಗ್ಗಿ ನೋಡಿದರು. "ದಿನಾ ಹ್ಯಾಂಗ ಕೂಡತಿದ್ದರವಾ?" ಎಂದು ನನ್ನನ್ನು ಕೇಳಿದರು.

"ಹಿಂಗs ರಿ."

"ಹಂಗಾರ ಶಿವನಿಗೆ ಗುರುತು ಸಿಗ್ತೈತಿ. ಬಿಡ್ರಿ."

ಆಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿದರು. ಜನ ಬಂದರು, ಹೂವು ಹಾಕಿದರು, ಹೋದರು. ಮಧ್ಯಾಹ್ನದ ಬಿಸಿಲಿಗೆ ಎಲ್ಲರೂ ಶಾಮಿಯಾನದ ನೆರಳಿಗೆ ಸರಿದರು. ಕೋಣೆಯಲ್ಲಿ ಸ್ವಲ್ಪ ಹೊತ್ತು ನಾವಿಬ್ಬರೇ. ಅವರು ಕೂತಿದ್ದರು. ಕಣ್ಣು ಮುಚ್ಚಿದ್ದರಿಂದ ಪೂಜೆಯ ನಡುವೆ ಇದ್ದ ಹಾಗೇ ಕಾಣುತ್ತಿದ್ದರು. ಭಾನುವಾರಗಳ ಲೆಕ್ಕದಲ್ಲಿ ಅವರು ನನಗೆ ಬಾಕಿ ಇಟ್ಟಿದ್ದ ಹೊತ್ತೆಲ್ಲ ಅಷ್ಟರಲ್ಲಿ ಕೊಟ್ಟರು ಎಂದುಕೊಂಡೆ. ಸಾಲದು ಎಂದೂ ಅಂದುಕೊಂಡೆ. ಆದರೆ ಅಷ್ಟು ಕೊಟ್ಟದ್ದು ಸುಳ್ಳಲ್ಲ.

ಪೆಟ್ಟಿಗೆಯಿಲ್ಲದೆ ಮರುದಿನದವರೆಗೆ ಇಡುವಂತಿರಲಿಲ್ಲ, ಸಂಜೆಗೆ ಮುಂಚೆ ಬಿದಿರಿನ ವಿಮಾನದಲ್ಲಿ, ಅಂದರೆ ಕೂರುವ ಚಟ್ಟದಲ್ಲಿ, ಕೂತೇ ಹೊರಟರು. ಬೀದಿಯ ಜನ ಮಹಡಿಗಳಿಂದ ನೋಡಿದರು. ಇಲ್ಲಿಯದು ಮರಳು ಮಣ್ಣು. ಸಮಾಧಿಯೊಳಗೆ ಒಂದು ಬದಿಗೆ ಕೂರುವ ಗೂಡು ಕೊರೆದರೆ ಕುಸಿಯುತ್ತದೆ. ಮರಳುಗಾಡಿನಲ್ಲಿ ಕಂದಕ ತೋಡಿದ ಅನುಭವದಿಂದ ಇವರೇ ಅಗೆಯುವವರಿಗೆ ಹಲಗೆ ಕೊಟ್ಟು ನಿಲ್ಲಿಸುವುದನ್ನು ಹೇಳಿಕೊಟ್ಟಿದ್ದರು. ಆವತ್ತೂ ಅಗೆಯುವವರು ಹಲಗೆ ನಿಲ್ಲಿಸಿ ಕಾಯುತ್ತಿದ್ದರು. ಗೂಡಿನಲ್ಲಿ ಕೂರಿಸಿ, ಲಿಂಗವನ್ನು ಕರಡಿಗೆಯಿಂದ ತೆಗೆದು ಎಡ ಅಂಗೈಯಲ್ಲಿಟ್ಟರು. ಸುತ್ತ ವಿಭೂತಿ, ಬಿಲ್ವಪತ್ರೆ. ಮಣ್ಣು ಹಾಕುವಾಗ ಹಳೆಯ ಜೊತೆಗಾರರು ನೆಟ್ಟಗೆ ನಿಂತು ಸೆಲ್ಯೂಟು ಹೊಡೆದರು. ಕೈ ಇಳಿಸುವುದನ್ನು ಮರೆತಿದ್ದರು. ನಾನೇ ಹೋಗಿ, "ಸಾಕ್ರಣ್ಣಾ" ಎಂದೆ.

ಈಗ ಒಳಕೋಣೆಯಲ್ಲಿ ಪೂಜೆಗೆ ನಾನೊಬ್ಬಳೇ ಕೂರುತ್ತೇನೆ. ತಂಬಿಗೆಯಲ್ಲಿ ನೀರು ಅರ್ಧ ಉಳಿಯುತ್ತದೆ. ಸುರಿಯಲು ಮನಸ್ಸಾಗದೆ ಮಹಡಿಯ ತುಳಸಿಗೆ ಹಾಕುತ್ತೇನೆ. ಮಾತಿಲ್ಲದ ದಿನಗಳೂ ಇರುತ್ತವೆ. ಹಾಲಿನವನು ಬಾಗಿಲಲ್ಲಿ ಚೀಲ ನೇತುಹಾಕಿ ಹೋಗುತ್ತಾನೆ, ಕರೆಂಟಿನವನು ಮೀಟರು ನೋಡಿ ಹೋಗುತ್ತಾನೆ, ದಿನ ಮುಗಿಯುತ್ತದೆ. ನೀರು ಸರಿಯಾಗಿ ಬಂತು, ಕಾಲು ನೋಯಲಿಲ್ಲ, ಗುಡಿಯ ಮುಂದೆ ಹೂವಿನವಳು ಒಂದು ಮೊಳ ಹೆಚ್ಚು ಕೊಟ್ಟಳು, ಹೀಗೆ ದಯೆಗಳನ್ನು ಹುಡುಕಿ ಹುಡುಕಿ ನೆನೆಯುತ್ತೇನೆ. ಕೆಲವು ದಿನ ಹುಡುಕುವುದೇ ಕೆಲಸ.

ಹೋದ ತಿಂಗಳು ಮಗಳು ಬಂದಿದ್ದಳು. ನನಗೆ ಬಹಳ ದಿನದಿಂದ ಕೇಳಬೇಕೆಂದಿತ್ತು, ಕೇಳಿದೆ.

"ನಾ ಹ್ವಾದರ ನನ್ನನ್ನ ಯಾರವಾ ಕೂಡಸೋರು?"

ಅವಳು ಕೂಡಲೇ, "ಇಪ್ಪೋ ಎದುಕ್ಕು ಮಾ ಅಂದ ಪೇಚ್ಚು?" ಈಗ ಯಾಕಮ್ಮಾ ಆ ಮಾತು ಎಂದಳು. ಇಬ್ಬರೂ ಕಾಫಿ ಕುಡಿದೆವು. ಅವಳು ಟಿವಿ ಹಾಕಿದಳು, ಆರಿಸಿದಳು. ಆಮೇಲೆ ಎಣ್ಣೆಯ ಬಟ್ಟಲು ತಂದು ನನ್ನ ಮುಂದೆ ನೆಲದ ಮೇಲೆ ಕೂತು, ನನ್ನ ಸೀರೆಯನ್ನು ಮೊಣಕಾಲಿನವರೆಗೆ ಸರಿಸಿ ತೀಡತೊಡಗಿದಳು. ಅವಳ ಬೆರಳುಗಳು ಸರಿಯಾದ ಜಾಗಕ್ಕೇ ಹೋಗುತ್ತಿದ್ದವು, ಹಿಂಬದಿಗೆ.

"ಇಷ್ಟು ಬಿಗಿ ಇದ್ರೆ ಹೇಗಮ್ಮಾ?" ಎಂದು ಗದರಿದಳು. "ಮನೇಲಿ ಕೂತೇ ಇರ್ತೀಯ. ದಿನಾ ನಡಿ. ಬೀಚ್ ತನಕ ಹೋಗಿ ಬಾ. ಮೊಣಕಾಲು ಮಡಚೋ ಥರ ಇಟ್ಕೋ. ಆಮೇಲೆ ನಾನೊಬ್ಬಳೇ ಕಷ್ಟ ಪಡೋಕಾಗಲ್ಲ."

ಅಷ್ಟು ಹೇಳಿ ಸಂಜೆಯ ಬಸ್ಸಿಗೆ ಹೋದಳು. ನಾನು ಈಗ ದಿನವೂ ಬಿಸಿಲು ಇಳಿದ ಮೇಲೆ ಕಡಲ ಕಲ್ಲುಗಳ ತನಕ ನಡೆದು ಬರುತ್ತೇನೆ. ಜೊತೆಗೆ ಯಾರೂ ಇರುವುದಿಲ್ಲ. ಗಾಳಿ ಇರುತ್ತದೆ.